ಹಾಲು ಆರದ ಸೊಪ್ಪು

ಸರಸರ, ಸರಸರ. ನಾಲ್ಕನೇ ಜ್ವರ ಎದ್ದ, ಅಂದರೆ ಕೊನೆಯ ಸಲ ಪೊರೆ ಕಳಚಿದ ರೇಷ್ಮೆ ಹುಳುಗಳು ಹಿಪ್ಪುನೇರಳೆ ಸೊಪ್ಪು ತಿನ್ನುವ ಸದ್ದು. ಕೆಂಚಾರ್ಲಹಳ್ಳಿಯ ನನ್ನ ತಂಗಿಯ ಮನೆಯಲ್ಲಿ ಆ ವಾರವೆಲ್ಲ ಅದನ್ನು ಕೇಳುತ್ತಲೇ ಮಲಗುತ್ತಿದ್ದೆ, ಏಳುತ್ತಿದ್ದೆ. ಚಿಕ್ಕಬಳ್ಳಾಪುರದಿಂದ ಜಸ್ಟ್ ಫಾರ್ ಎ ಚೇಂಜ್ ಎಂದು ಹೋಗಿದ್ದವಳು ನಾನು. ನಾವಿಬ್ಬರೂ ಶಿಡ್ಲಘಟ್ಟದ ಹತ್ತಿರ ಹುಳು ಸಾಕುವ ಮನೆಯಲ್ಲಿ ಹುಟ್ಟಿದವರು. ಅಪ್ಪ ನನ್ನನ್ನು ಕಾನ್ವೆಂಟಿಗೆ ಕಳಿಸಿದರು, ಅವಳನ್ನು ಹುಳುಮನೆಗೆ.

ಒಂದು ಮಧ್ಯಾಹ್ನ ಸೊಪ್ಪು ಕೊಯ್ಯಲು ಹೋದ ತಂಗಿ ಸಂಜೆಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಬಾವಿಗಳಲ್ಲಿ ಹುಡುಕಿದರು, ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಿದರು. ಹುಳುಗಳು ಮಾತ್ರ ಕಾಯುವುದಿಲ್ಲವಲ್ಲ. ಅವಳ ಗಂಡ ಇಡೀ ತೋಟವನ್ನು ಬುಡಕ್ಕೆ ಕೊಯ್ದು ತಂದು ಹಾಕಿದ. ಊರಿನವರೆಲ್ಲ ಅಗಲ ಎಲೆಯ ಹೊಸ ತಳಿಗೆ ಹೋಗಿದ್ದರು. ಬೆರಳು ಬಿಡಿಸಿದಂತೆ ಸೀಳಿರುವ ನಾಟಿ ಸೊಪ್ಪು ಉಳಿದಿದ್ದದ್ದು ಅವಳ ತೋಟದಲ್ಲಿ ಮಾತ್ರ. ಈಗ ಅಲ್ಲಿ ಬರೀ ಕಡ್ಡಿ.

ಮೂರನೆಯ ದಿನ ಬೆಳಿಗ್ಗೆ ಅವಳು ನಡೆದುಕೊಂಡು ಬಂದಳು, ತಲೆಯ ಮೇಲೆ ಸೊಪ್ಪಿನ ಹೊರೆ. ಬಿಚ್ಚಿದವಳು ನಾನೇ. ಗೋಣಿ ಒಣಗಿತ್ತು, ಸೊಪ್ಪು ಬಾಡದಂತೆ ನೀರು ಚಿಮುಕಿಸಿದ ಗುರುತೇ ಇರಲಿಲ್ಲ. ಒಳಗೆ ಅದೇ ಸೀಳೆಲೆ, ತೊಟ್ಟಿನ ತುದಿಯಲ್ಲಿ ಇನ್ನೂ ಬಿಳಿ ಹಾಲು. ನನ್ನ ಬೆರಳಿಗೆ ಅಂಟಿತು. ಕೊಯ್ದ ಸೊಪ್ಪಿನ ಹಾಲು ಎಷ್ಟು ಬೇಗ ಆರಿಹೋಗುತ್ತದೆಂದು ನನಗೆ ಗೊತ್ತು.

ಅವಳು ಯಾರ ಮುಖವನ್ನೂ ನೋಡದೆ ಹೊರೆಯೆಲ್ಲವನ್ನೂ ಹಸಿದ ಹುಳುಗಳ ಮೇಲೆ ಹರಡಿಬಿಟ್ಟಳು. ಹುಳುಗಳಿಗೆ ಹಾಕದೆ ಆ ಮನೆಯಲ್ಲಿ ಯಾರೂ ಮಾತಿಗೆ ಕೂರುವುದಿಲ್ಲ. ಅವಳು ಬಾಯಿ ಬಿಡುವ ಹೊತ್ತಿಗೆ ತಟ್ಟೆಗಳಲ್ಲಿ ಎಲೆಯೇ ಇರಲಿಲ್ಲ.

"ತೋಟದ ಮೇಲೆ ಬೆಳಕು ಬಂತಕ್ಕ, ಎತ್ಕೊಂಡೋಯ್ತು. ಯಾರೋ ನನ್ನ ತಿರುಗಿಸಿ ತಿರುಗಿಸಿ ನೋಡಿದ್ರು. ನಾವು ರೋಗದ ಹುಳ ಆರಿಸ್ತೀವಲ್ಲ, ಹಂಗೆ. ಆಮೇಲೆ ಬೇಡ ಅಂತ ಆಚೆ ಹಾಕಿದ್ರು. ಒಂದು ಗಳಿಗೆ ಆಗಿರ್ಬೋದು ಅಷ್ಟೆ."

"ಎರಡು ದಿನ ಆಯ್ತು ಕಣೇ," ಎಂದೆ.

ಅವಳ ಅತ್ತೆ ನಕ್ಕರು. "ಆ ಬೆಳಕಿಗೆ ಮೀಸೆ ಇತ್ತೇನಮ್ಮಾ?"

ಚಿಂತಾಮಣಿಯಿಂದ ಯಾರೋ ಯೂಟ್ಯೂಬಿನವರು ಬಂದು 'ಏಲಿಯನ್' ಎಂಬ ಪದವನ್ನು ಊರಲ್ಲಿ ಬಿಟ್ಟುಹೋದರು. ಅವಳಿಗೆ ಆ ಪದವೇ ಗೊತ್ತಿರಲಿಲ್ಲ. ನೀರಿಗೆ ಹೋದರೆ, "ಏಲಿಯನ್ನಮ್ಮಾ, ನಿಮ್ಮ ಬೀಗರು ಮತ್ತೆ ಯಾವಾಗ ಬರ್ತಾರೆ?" ಎನ್ನುತ್ತಿದ್ದರು.

ಎಲ್ಲಿ ಮಲಗೆದ್ದು ಬಂದಳೋ ಗೊತ್ತಿಲ್ಲದವಳು ಹುಳುಮನೆಗೆ ಕಾಲಿಟ್ಟರೆ ಬೆಳೆ ಕೆಡುತ್ತದೆ ಎಂದು ಅತ್ತೆ ತೀರ್ಮಾನ ಮಾಡಿದರು. ಹುಳುಮನೆ ಬಿಟ್ಟರೆ ಅವಳಿಗೆ ಬೇರೆ ಬದುಕೇ ಇರಲಿಲ್ಲ. ಗಂಡ ನನ್ನ ಕಡೆ ತಿರುಗಿದ.

"ಅಕ್ಕಾ, ಹೊರೆ ಬಿಚ್ಚಿದ್ದು ನೀವೇ. ಆ ಸೊಪ್ಪು ಹೆಂಗಿತ್ತು ಹೇಳಿ. ನೀವು ಓದಿದೋರು, ನೀವಂದ್ರೆ ಅಮ್ಮ ಕೇಳ್ತಾರೆ."

ಶಾಲೆಯಲ್ಲಿ ಯಾರಾದರೂ ದೆವ್ವ ಕಂಡೆ ಎಂದರೆ ನಮ್ಮ ಕಾನ್ವೆಂಟಿನ ಮದರ್ ಸುಪೀರಿಯರ್, "ಪ್ರೂಫ್ ಎಲ್ಲಿ, ಚೈಲ್ಡ್?" ಎನ್ನುತ್ತಿದ್ದರು. ಸೈನ್ಸ್ ಟೀಚರ್ ಆಗಿ ನಾನೂ ಜೀವನವಿಡೀ ಅದನ್ನೇ ಕೇಳಿದೆ. ಈಗ ಪ್ರೂಫ್ ನನ್ನ ಬೆರಳಿಗೇ ಅಂಟಿದಾಗ ಹೆದರಿದೆ. ಹೆದರಿಕೆಗಿಂತ ನಾಚಿಕೆ ಹೆಚ್ಚು: ನನ್ನ ಮುಖವೂ ಆ ವಿಡಿಯೋದಲ್ಲಿ ಬಂದರೆ?

"ಸರಿಯಾಗಿ ನೋಡ್ಲಿಲ್ಲಪ್ಪ. ಎಲ್ಲೋ ನೆರಳಲ್ಲಿ ಇಟ್ಟಿದ್ದಿರಬೇಕು. ಲೆಟ್ಸ್ ಬಿ ಸೆನ್ಸಿಬಲ್."

ತಂಗಿ ನನ್ನ ಕೈಯನ್ನೇ ನೋಡಿದಳು. "ಹಾಲು ಅಂಟ್ಲಿಲ್ವೇನಕ್ಕ?"

"ಇಲ್ಲ ಕಣಮ್ಮ."

ಬೆಳಕನ್ನು ನಾನು ಈಗಲೂ ನಂಬುವುದಿಲ್ಲ. ಆದರೆ ಹಾಲನ್ನು ನೋಡಿದ್ದೆ. ಹೇಳಬೇಕಾಗಿದ್ದದ್ದು ಅಷ್ಟೇ.

ಮೂರು ತಿಂಗಳ ಮೇಲೆ ಅವಳು ಮತ್ತೆ ಖಾಲಿ ಗೋಣಿ ಹಿಡಿದು ತೋಟದ ಕಡೆ ಹೋದಳಂತೆ. ಬರಲಿಲ್ಲ. ಈ ಸಲ ಯಾರೂ ಬಾವಿಗೆ ಇಳಿದು ನೋಡಲಿಲ್ಲ. "ಹೋದ್ಲು ಬಿಡಿ, ಕರೆದೋರ ಹತ್ರ," ಎಂದು ಅತ್ತೆ ಫೋನಿನಲ್ಲಿ ಹೇಳಿದರು. ವರ್ಷಗಳಾದವು. ನಾನೀಗ ಕಾಯುವುದನ್ನೂ ಬಿಟ್ಟಿದ್ದೇನೆ.

ಅವಳನ್ನು ಕೊನೆಯದಾಗಿ ಕಂಡದ್ದು, ಆ ವಾರ ಮುಗಿಸಿ ನಾನು ಊರಿಗೆ ಹೊರಟ ದಿನ. ಹುಳುಗಳು ಹಣ್ಣಾಗಿದ್ದವು, ಒಳಗೆ ಎಲ್ಲರೂ ಸೇರಿ ಅವನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದರು. ಅವಳು ಹೊಸ್ತಿಲಿನ ಆಚೆ, ಬಿಸಿಲಲ್ಲಿ ಕೂತಿದ್ದಳು. ಒಳಗಿನವರು ಆರಿಸಿ ಎಸೆದ ರೋಗದ ಹುಳುಗಳ ಮುಂದೆ, ನೆರೆಯವರ ತೋಟದಿಂದ ತಂದ ಅಗಲ ಎಲೆಗಳನ್ನು ಒಂದೊಂದಾಗಿ ಇಡುತ್ತಿದ್ದಳು. ಅವು ತಿನ್ನುತ್ತಿರಲಿಲ್ಲ.

"ಬರ್ತೀನಿ ಕಣೇ," ಎಂದೆ.

ಅವಳು ಇನ್ನೊಂದು ಎಲೆ ಇಟ್ಟಳು.