ಮಾಸ್ತರರ ದಿಬ್ಬದ ಗಿಡ

ಕಳೆದ ವಾರ ಅಣ್ಣಿಗೇರಿಯ ನಮ್ಮ ಮನೆ ಮುಂದೆ ನರ್ಸರಿಯವರು ಹೆಂಡತಿ ತರಿಸಿದ ಆಳೆತ್ತರದ ಒಂದು ಕ್ರಿಸ್‌ಮಸ್ ಗಿಡ ಇಳಿಸಿ ಹೋದರು. ಅರ್ಧಕ್ಕೆ ಕತ್ತರಿಸಿದ ಹಳೇ ಡಾಂಬರ್ ಡ್ರಮ್ಮಿನಲ್ಲಿತ್ತು. ಬಿಸಿಲಿಗೆ ಡ್ರಮ್ಮು ಕಾದು ಡಾಂಬರಿನ ವಾಸನೆ ಪಡಸಾಲೆಯವರೆಗೆ ಬಂತು. ಪೇಪರ್ ಓದುತ್ತಿದ್ದವನಿಗೆ ಡ್ರಾಯಿಂಗ್ ಮಾಸ್ತರರು ನೆನಪಾದರು. ಮುಂದೆ ಒಂದಕ್ಷರ ಓದಲಾಗಲಿಲ್ಲ...

ಎಂಬತ್ತರ ದಶಕದ ಮಾತು. ನವಲಗುಂದ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿಗೆ ನಾನು ವಿಜ್ಞಾನ ಕಲಿಸಲು ಹೋದಾಗ ಅವರ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಅಷ್ಟು ತಲೆಚಿಟ್ಟು ಹಿಡಿಸುವ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ. ಯಾವುದಕ್ಕೂ ಅವಸರವಿಲ್ಲ. ಚಹಾ ಕುಡಿಯುತ್ತ ಕೂತರೆ ಗಂಟೆ ಹೊಡೆದದ್ದೂ ಅವರಿಗೆ ಕೇಳುತ್ತಿರಲಿಲ್ಲ. ಒಂದು ದಿನ ಬೋರ್ಡಿನ ಮೇಲೆ ಗುಡ್ಡ ಬರೆದು, ಅದರ ಮೇಲೆ ಮುಕ್ಕೋನದಂಥ ಗಿಡ ಬರೆದರು. "ಸರ್, ಇದು ಗಿಡ ಅಲ್ರಿ, ಬಣವಿ!" ಎಂದು ಹುಡುಗರು ನಕ್ಕರು. ಅವರೇನು ಮಾಡಿಯಾರು, ಹುಟ್ಟಿದಾಗಿನಿಂದ ನೋಡಿದ್ದು ಕರಿಮಣ್ಣಿನ ಎರೆಹೊಲ, ಬೇವು, ಜಾಲಿ. ಮಾಸ್ತರರು ಹಟ ಹಿಡಿದರು. ನಿವೃತ್ತಿಗೆ ಮುಂಚೆ ಅಂಥ ಗಿಡದ ಸುತ್ತ ಹುಡುಗರನ್ನು ಕೂರಿಸಿ, ಕಣ್ಣಾರೆ ನೋಡಿಸಿ ಚಿತ್ರ ಬರೆಸಬೇಕು.

ಸಣ್ಣ ಸಸಿ ತನ್ನಿ ಎಂದೆ. "ಸಣ್ಣದು ತಂದ್ರ ನಾ ರಿಟೈರ್ ಆಗೂದ್ರಾಗ ಮೊಣಕಾಲಿಗೂ ಬರೂದಿಲ್ರಿ," ಎಂದರು. ಧಾರವಾಡದಿಂದ ಟ್ರ್ಯಾಕ್ಟರಿನಲ್ಲಿ ಮೂರು ದೊಡ್ಡ ಕ್ರಿಸ್‌ಮಸ್ ಗಿಡ ಬಂದವು, ಮೂರೂ ಡಾಂಬರ್ ಡ್ರಮ್ಮಿನಲ್ಲಿ.

ಅಲ್ಲಿಂದ ಜಗಳ ಶುರು. ಎದೆಮಟ್ಟದ ಕುಣಿ ತೋಡಿ ಕೆಮ್ಮಣ್ಣು, ಗೊಬ್ಬರ ತುಂಬಬೇಕು ಎಂದು ನಾನು ಪುಸ್ತಕದ ಮಾತು ಹೇಳಿದೆ.

"ಸರ್ರ, ಎರಿಯೊಳಗ ಕುಣಿ ತಗದ್ರ ಅದು ಹೊಂಡ ಆಕ್ಕತಿ. ನೀರು ಹೋಗಾಕ ದಾರಿ ಬೇಕಲ್ರಿ?" ಎಂದರು ಮಾಸ್ತರರು.

ಕೊನೆಗೆ ಎರಡು ಗಿಡ ನನ್ನ ಲೆಕ್ಕದಂತೆ ಕುಣಿಗೆ ಇಳಿದವು. ಒಂದನ್ನು ಅವರಿಗೆ ಬಿಟ್ಟೆ. ಡ್ರಮ್ಮಿನೊಳಗೆ ಸಿಂಬಿಯಂತೆ ಸುತ್ತಿಕೊಂಡಿದ್ದ ಬೇರುಗಳನ್ನು ಅವರು ಕುಡಗೋಲಿನಿಂದ ಅಲ್ಲಲ್ಲಿ ಕೊಯ್ದಾಗ ನನ್ನ ಜೀವವೇ ಹೋದಂತಾಯಿತು. ಒಂದು ಗೇಣು ಆಳ ಮಾತ್ರ ಅಗೆದು ಗಿಡ ಇಟ್ಟು, ಸುತ್ತಲಿನ ಎರೆಮಣ್ಣನ್ನೇ ಏರಿಸಿ ದಿಬ್ಬ ಮಾಡಿದರು. ನನಗೆ ತಡೆಯಲಾಗಲಿಲ್ಲ. "ಇದೇನ್ರಿ ಮಾಸ್ತರ, ಗೋರಿ ಕಟ್ಟಾಕತ್ತೀರೇನು?" ಎಂದೆ. ಅವರು ನಕ್ಕರು, ಅಷ್ಟೇ.

ಶ್ರಾವಣ ಮುಗಿಯುವಷ್ಟರಲ್ಲಿ ನನ್ನ ಗಿಡಗಳು ಹಳದಿಯಾದವು. ಮಳೆ ನಾಲ್ಕು ದಿನ ಬಿಟ್ಟಿತ್ತು, ಬಾಯಾರಿರಬೇಕೆಂದು ನಾನೇ ಕೊಡಗಟ್ಟಲೆ ನೀರು ಸುರಿದೆ. "ಹಾಕಬ್ಯಾಡ್ರಿ, ಅವು ಮುಳಗ್ಯಾವು," ಎಂದರು ಮಾಸ್ತರರು. ನಿಮ್ಮದು ನೀವು ನೋಡಿಕೊಳ್ಳಿ ಎಂದು ರೇಗಿದೆ. ಬೇಸಿಗೆಯಲ್ಲಿ ನೆಲ ಬಿರಿಯಿತು. ಅವರು ದಿನಾ ದಿಬ್ಬದ ಬಿರುಕನ್ನು ಕೈಯಿಂದ ಮುಚ್ಚಿ, ಜೋಳದ ಒಣದಂಟಿನ ಕಣಿಕಿ ಹೊದಿಸಿ, ಮಣ್ಣುಗೈಯಲ್ಲೇ ಕ್ಲಾಸಿಗೆ ಬರುತ್ತಿದ್ದರು. ಇವತ್ತಾದರೂ ಚಿತ್ರ ಬರೆಸಿ ಎಂದರೆ, "ಬೇರು ಹಿಡೀಲಿ ತಡೀರಿ," ಎನ್ನುತ್ತಿದ್ದರು. ಇಂಥವರ ಜೊತೆ ಏಗುವುದು ಹೇಗೆ?

ಜೂನ್‌ನಲ್ಲಿ ಶಾಲೆ ಶುರುವಾಯಿತು. ಒಣಗಿ ನಿಂತ ಎರಡು ಗಿಡ ನೋಡಿ ಹೆಡ್‌ಮಾಸ್ತರರು ಸಿಟ್ಟಾದರು. "ಈ ಮಣ್ಣಿಗೆ ಇವು ಒಗ್ಗೂದಿಲ್ಲ. ಮೂರೂ ಕೀಳಸ್ರಿ. ಖೋಖೋ ಅಂಗಳ ಮಾಡೂಣು."

"ತಪ್ಪು ನಂದ ಐತ್ರಿ. ಹಸರ ಇದ್ದದ್ದೊಂದು ಬಿಡ್ರಿ," ಎಂದು ಮಾಸ್ತರರು ನನ್ನತ್ತ ನೋಡಿದರು.

ಕುಣಿ ನನ್ನದು, ಅವರು ನೆಟ್ಟ ರೀತಿಯೇ ಸರಿ... ಇಷ್ಟು ಹೇಳಿದ್ದರೆ ಆ ಗಿಡ ಉಳಿಯುತ್ತಿತ್ತು. ನಾನು ಕಿಟಕಿಯ ಹೊರಗೆ ನೋಡುತ್ತ ನಿಂತೆ. ಅವರಾದರೂ ನನ್ನ ಹೆಸರು ಹೇಳಬಾರದಿತ್ತೆ? ಇವತ್ತಿಗೂ ಸಿಟ್ಟು ಬರುತ್ತದೆ. ಯಾರ ಮೇಲಿನ ಸಿಟ್ಟು ಎಂಬುದೂ ನನಗೆ ಗೊತ್ತು.

ಮರುದಿನ ನನ್ನ ಎರಡೂ ಗಿಡ ಶಾಲೆಯ ಸಿಪಾಯಿಯ ಒಂದೇ ಕೈಗೆ ಕಿತ್ತು ಬಂದವು. ಬೇರು ಇನ್ನೂ ಡ್ರಮ್ಮಿನ ಆಕಾರದಲ್ಲೇ ಇದ್ದವು, ಕೊಳೆತು ನಾರುತ್ತಿದ್ದವು. ದಿಬ್ಬದ ಗಿಡ ಮಾತ್ರ ಅಲ್ಲಾಡಲಿಲ್ಲ. ಹಗ್ಗ ಕಟ್ಟಿ ಎಳೆದರೆ ಹಗ್ಗವೇ ಹರಿಯಿತು. ಕೊನೆಗೆ ಕೊಡಲಿ ತಂದರು. ಮಾಸ್ತರರು ಆಗ ಕ್ಲಾಸಿನಲ್ಲಿ ಹೂಜಿ ಬರೆಸುತ್ತಿದ್ದರು.

ಅವರು ನಿವೃತ್ತರಾಗಿ ಊರಿಗೆ ಹೋದರು. ಒಮ್ಮೆ ಹೋಗಿ ಮಾತಾಡಿ ಬರಬೇಕೆಂದು ವರ್ಷಗಟ್ಟಲೆ ಅಂದುಕೊಂಡೆ. ಅಷ್ಟರಲ್ಲಿ ಅವರು ತೀರಿಕೊಂಡ ಸುದ್ದಿ ಬಂತು.

ನಿನ್ನೆ ಆಳು ಕುಣಿ ತೋಡಲು ಬಂದಿದ್ದ. ಬೇಡವೆಂದು ಕಳಿಸಿ, ಬೇರು ಬಿಡಿಸಿ ಕೊಯ್ದು, ಒಂದು ಗೇಣು ಆಳ ಅಗೆದು ನಾನೇ ಗಿಡ ಇಟ್ಟೆ. ಮಣ್ಣು ಏರಿಸುತ್ತಿದ್ದಾಗ ಹೆಂಡತಿ ಬಾಗಿಲಿಗೆ ಬಂದಳು. ಈ ಕಥೆ ಅವಳಿಗೆ ನಾನು ಎಂದೂ ಹೇಳಿದವನಲ್ಲ.

"ಇದೇನ್ರಿ, ಗೋರಿ ಕಟ್ಟಾಕತ್ತೀರೇನು?"

ಮಾಸ್ತರರು ಈ ಮಾತಿಗೆ ನಕ್ಕಿದ್ದರು. ನನಗೆ ನಗಲಾಗಲಿಲ್ಲ. ಗುದ್ದಲಿ ಬದಿಗಿಟ್ಟು ಆ ದಿಬ್ಬದ ಪಕ್ಕದಲ್ಲೇ ಕೂತುಬಿಟ್ಟೆ.