ತಂಗಿಯ ಲೇಖನ, ಬಾಲಂಗೋಚಿಯ ಹೆಸರು

ನನ್ನ ತಂಗಿಯ ಕೆಲಸ ಹೋದ ಸುದ್ದಿ ಕೇಳಿದವರೆಲ್ಲ "ಪಾಪ, ಹಣೆಬರಹ" ಅನ್ನುತ್ತಾರೆ. ಹಾಗೆಂದು ಇನ್ನೊಂದು ಗುಟುಕು ಚಹಾ ಕುಡಿದು ಬೇರೆ ಮಾತಿಗೆ ಹೋಗುತ್ತಾರೆ. ಹಣೆಬರಹವಂತೆ. ಇದನ್ನು ಬರೆದವನಿಗೆ ಎರಡು ಕೈಯಿದೆ, ಮೂರನೇ ಮಹಡಿಯಲ್ಲಿ ಕೋಣೆಯಿದೆ, ಕೋಣೆಯ ಬಾಗಿಲಿಗೆ ಹಿತ್ತಾಳೆಯ ಫಲಕವಿದೆ. ಯಾರೂ ಕೇಳದಿದ್ದರೂ ನಾನು ಹೇಳುವವಳೇ. ಶಾಲೆಯ ವ್ಯಾನ್ ಓಡಿಸಿ ಓಡಿಸಿ ನನ್ನ ಗಂಟಲು ದೊಡ್ಡದಾಗಿದೆ, ಸಹನೆ ಸಣ್ಣದಾಗಿದೆ.

ತಂಗಿ ಮೆದುಳಿನ ಸಂಶೋಧಕಿ. ಜನರನ್ನು ಕೊಳವೆಯಂಥ ದೊಡ್ಡ ಸ್ಕ್ಯಾನ್ ಯಂತ್ರದೊಳಗೆ ಮಲಗಿಸಿ, ಅವರಿಗೆ ಗೊತ್ತಿರುವವರ ಧ್ವನಿ ಕೇಳಿಸಿ, ಆ ಧ್ವನಿಗೆ ಹೆಸರು ಹುಡುಕುವಾಗ ಮೆದುಳಿನ ಯಾವ ಜಾಗ ಚುರುಕಾಗುತ್ತದೆ ಎಂದು ನೋಡುವುದು ಅವಳ ಕೆಲಸ. "ಹೆಸರು ನಾಲಿಗೆ ತುದೀಲಿದೆ, ಬರ್ತಾ ಇಲ್ಲ ಅಂತೀವಲ್ಲ, ಅದು ಒಳಗೆ ಎಲ್ಲಿ ಸಿಕ್ಕಾಕೊಂಡಿರುತ್ತೆ ಅಂತ ಹುಡುಕ್ತೀನಿ" ಎಂದು ಅಮ್ಮನಿಗೆ ವಿವರಿಸಿದ್ದಳು. "ಮೊದಲು ನಿನ್ನ ಕನ್ನಡಕ ಎಲ್ಲಿಟ್ಟಿದೀಯ ಅಂತ ಹುಡುಕು" ಎಂದು ಅಮ್ಮ ಅಂದಿದ್ದಳು. ಕನ್ನಡಕ ಅವಳ ತಲೆಯ ಮೇಲೇ ಇತ್ತು.

ಅವರ ಲೋಕದಲ್ಲಿ ಮನುಷ್ಯನ ತೂಕ ನೋಡುವ ತಕ್ಕಡಿ ಒಂದೇ. ನೀವು ಬರೆದ ಲೇಖನವನ್ನು ಇನ್ನೊಬ್ಬರು ತಮ್ಮ ಲೇಖನದಲ್ಲಿ ಹೆಸರಿಸಬೇಕು. ಅದಕ್ಕೆ ಉಲ್ಲೇಖ ಎನ್ನುತ್ತಾರೆ. ಉಲ್ಲೇಖ ಹೆಚ್ಚಿದ್ದರೆ ಆಸನ ಕೊಡುತ್ತಾರೆ, ಕಡಿಮೆಯಿದ್ದರೆ ಬಾಗಿಲು ತೋರಿಸುತ್ತಾರೆ. ಧ್ವನಿ ಮತ್ತು ಹೆಸರಿನ ಬಗ್ಗೆ ತಂಗಿ ಬರೆದ ಒಂದು ಲೇಖನಕ್ಕೆ ನಾನೂರಕ್ಕೂ ಹೆಚ್ಚು ಉಲ್ಲೇಖಗಳಿದ್ದವು. ಉಳಿದ ಲೇಖನಗಳನ್ನೆಲ್ಲ ಕೂಡಿಸಿದರೂ ಅದರ ಅರ್ಧಕ್ಕೆ ಬರುತ್ತಿರಲಿಲ್ಲ. ವರ್ಷವರ್ಷವೂ ಗುತ್ತಿಗೆಯ ಮೇಲೆ ದುಡಿಯುತ್ತಿದ್ದವಳಿಗೆ ಖಾಯಂ ಹುದ್ದೆ ಸಿಗುವುದಿದ್ದರೆ ಆ ಒಂದು ಲೇಖನದಿಂದಲೇ ಸಿಗಬೇಕಿತ್ತು.

ಆ ಪ್ರಯೋಗಾಲಯದಲ್ಲಿ ಇನ್ನೊಂದು ಪದ್ಧತಿ. ಅಲ್ಲಿಂದ ಏನೇ ಹೊರಬಿದ್ದರೂ ಕೊನೆಯ ಹೆಸರು ಮುಖ್ಯಸ್ಥರದು. ಅವರು ಅದನ್ನು ಓದಿರಬೇಕೆಂದೇನಿಲ್ಲ. ಮೊದಲ ಹೆಸರಿನವರು ಕತ್ತೆಯ ಹಾಗೆ ದುಡಿದಿರುತ್ತಾರೆ, ಕೊನೆಯ ಹೆಸರಿನವರು ಹಾರ ಹಾಕಿಸಿಕೊಳ್ಳುತ್ತಾರೆ. ಅಲ್ಲಿನವರು ಅವರನ್ನು "ದೊಡ್ಡೋರು" ಎನ್ನುತ್ತಿದ್ದರು. ನಾನು ಮನೆಯಲ್ಲಿ ಬಾಲಂಗೋಚಿ ಎಂದು ಹೆಸರಿಟ್ಟೆ. ತಂಗಿ ಮೊದಮೊದಲು ಗದರುತ್ತಿದ್ದಳು. ಆಮೇಲೆ ಅವಳ ಬಾಯಲ್ಲೂ ಅದೇ ಬರತೊಡಗಿತು.

ಆ ಲೇಖನಕ್ಕಾಗಿ ಯಂತ್ರದೊಳಗೆ ಮಲಗಿದವರಲ್ಲಿ ನಾನೂ ಒಬ್ಬಳು. ತಂಗಿಗೆ ಜನ ಸಾಲದೆ ಹೋದಾಗ ನನ್ನನ್ನು ಎಳೆದುಕೊಂಡು ಹೋಗಿದ್ದಳು. ಒಳಗೆ ಚಳಿ, ಮೇಲೆ ಯಾರೋ ಸುತ್ತಿಗೆಯಲ್ಲಿ ಬಡಿದಂಥ ಸದ್ದು. ನನ್ನ ಮೆದುಳಿನ ಎಡಭಾಗದಲ್ಲಿ ಹುಟ್ಟಿನಿಂದ ಒಂದು ಸಣ್ಣ ನೀರಿನ ಗುಳ್ಳೆಯಿದೆ. ಅದರಿಂದ ಏನೂ ತೊಂದರೆಯಿಲ್ಲ ಎಂದು ಚಿಕ್ಕಂದಿನಲ್ಲೇ ವೈದ್ಯರು ಹೇಳಿದ್ದರು. ಬೇರೆ ಎಲ್ಲರಿಗೂ ತಲೆಯೊಳಗೆ ಬುದ್ಧಿ, ನನಗೆ ನೀರು ಎಂದು ನನ್ನ ಗಂಡ ಈಗಲೂ ರೇಗಿಸುತ್ತಾನೆ.

ಹೋದ ವರ್ಷ ಬೇರೊಂದು ಊರಿನ ಚಿಕಿತ್ಸಾಲಯದ ವೈದ್ಯೆಯೊಬ್ಬಳು ತಂಗಿಗೆ ಬರೆದಳು. ಮೆದುಳಿಗೆ ಪೆಟ್ಟಾಗಿ ಮನೆಯವರ ಹೆಸರೇ ಬಾಯಿಗೆ ಬರದವರಿಗೆ ಅವರು ತಲೆಯ ಹೊರಗಿನಿಂದ ಆಯಸ್ಕಾಂತದ ಮಿಡಿತ ಕೊಡುತ್ತಿದ್ದರು. ಎಲ್ಲಿ ಕೊಡಬೇಕೆಂಬುದಕ್ಕೆ ತಂಗಿಯ ಲೇಖನವೇ ಆಧಾರ. ಬಲಭಾಗದಲ್ಲಿ ಎಂದು ಅದರಲ್ಲಿತ್ತು. ಯಾರಿಗೂ ಅಷ್ಟಾಗಿ ಗುಣ ಕಾಣುತ್ತಿಲ್ಲ, ಜಾಗವನ್ನು ಇನ್ನೂ ನಿಖರವಾಗಿ ತಿಳಿಸುತ್ತೀರಾ ಎಂದು ವೈದ್ಯೆ ಕೇಳಿದ್ದಳು. ತಂಗಿ ಹಳೆಯ ಚಿತ್ರಗಳನ್ನು ಮತ್ತೆ ತೆರೆದಳು. ನನ್ನ ಚಿತ್ರವೂ ಬಂತು. ಗುಳ್ಳೆ ಬಲಗಡೆ ಇತ್ತು.

ನನಗೆ ಫೋನ್ ಮಾಡಿ, "ಅಕ್ಕ, ನಿನ್ನ ಗುಳ್ಳೆ ಎಡಗಡೆ ತಾನೆ?" ಎಂದು ಕೇಳಿದಳು. "ಗುಳ್ಳೆ ಏನು ಮನೆ ಬದಲಾಯಿಸುತ್ತಾ? ಎಡಗಡೇನೇ" ಎಂದೆ. ಅವಳು ಫೋನ್ ಇಟ್ಟಳು.

ಆಗಿದ್ದಿಷ್ಟು. ಚಿತ್ರ ತೆಗೆಯುವ ಯಂತ್ರ ತಲೆಯನ್ನು ಎದುರಿನಿಂದ ನೋಡಿದಂತೆ ತೋರಿಸುತ್ತದೆ, ಲೆಕ್ಕ ಹಾಕುವ ಕಂಪ್ಯೂಟರ್ ಹಿಂದಿನಿಂದ ನೋಡಿದಂತೆ. ಒಂದರಿಂದ ಇನ್ನೊಂದಕ್ಕೆ ಹಾಕುವಾಗ ಎಡಬಲ ತಿರುಗಿಸಬೇಕು. ತಂಗಿ ಮರೆತಿದ್ದಳು. ತಪ್ಪು ಅವಳದೇ, ಅದನ್ನು ಅವಳು ಒಂದು ಕ್ಷಣವೂ ಅಲ್ಲಗಳೆಯಲಿಲ್ಲ. ಆದರೆ ಈ ತಪ್ಪು ಆಗದಿರಲೆಂದೇ ಆ ಕೆಲಸದವರು ಒಂದು ಉಪಾಯ ಮಾಡಿಕೊಂಡಿದ್ದಾರೆ. ಮಲಗುವವರ ಹಣೆಯ ಬಲಪಕ್ಕಕ್ಕೆ ಒಂದು ವಿಟಮಿನ್ ಮಾತ್ರೆ ಅಂಟಿಸುತ್ತಾರೆ. ಚಿತ್ರದಲ್ಲಿ ಅದು ಬಿಳಿ ಚುಕ್ಕೆಯಾಗಿ ಬೀಳುತ್ತದೆ. ಚುಕ್ಕೆ ಇರುವ ಕಡೆ ಬಲ, ಅಷ್ಟೇ. ಆ ವರ್ಷ ಮಾತ್ರೆ ಅಂಟಿಸುವುದನ್ನು ನಿಲ್ಲಿಸಿದವರು ಯಾರು ಗೊತ್ತೆ? ಬಾಲಂಗೋಚಿ. "ಟೇಪ್ ಹಚ್ಚುತ್ತಾ ಕೂತರೆ ದಿನಕ್ಕೆ ಎಷ್ಟು ಜನರನ್ನ ಮಲಗಿಸೋದು?" ಎಂದಿದ್ದರಂತೆ.

ಮಾರನೆಯ ಬೆಳಿಗ್ಗೆ ತಂಗಿ ಅವರ ಕೋಣೆಗೆ ಹೋದಳು. ಲೇಖನವನ್ನು ಹಿಂತೆಗೆಯಬೇಕು ಎಂದಳು. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ನೋಡಮ್ಮ, ಬರೋ ತಿಂಗಳು ನಿನ್ನ ಸಂದರ್ಶನ. ಈಗ ಬಾಯಿ ಮುಚ್ಕೊಂಡಿರು. ಹುದ್ದೆ ಕೈಗೆ ಬಂದ ಮೇಲೆ ನಿಧಾನಕ್ಕೆ ನೋಡಿದ್ರಾಯ್ತು" ಎಂದರು.

"ಅಲ್ಲೀವರೆಗೆ ಆ ರೋಗಿಗಳು, ಸರ್?"

"ಇಷ್ಟು ದಿನ ಇದ್ದಾರಲ್ಲ. ಇನ್ನೊಂದು ತಿಂಗಳಿಗೆ ಏನಾಗುತ್ತೆ?"

ಈ ಮಾತನ್ನು ತಂಗಿ ನನ್ನ ಅಡುಗೆಮನೆಯಲ್ಲಿ ನಿಂತು ಹೇಳಿದಾಗ ನನ್ನ ಕೈಯಲ್ಲಿದ್ದ ಸೌಟು ಸಿಂಕಿಗೆ ಬಿತ್ತು. ನಾನು ಬಿಸಾಡಿದ್ದು ಎಂದು ಗಂಡ ಹೇಳುತ್ತಾನೆ. ಇರಲಿ, ಬಿಸಾಡಿದೆ. ಇನ್ನೊಂದು ತಿಂಗಳಿಗೆ ಏನಾಗುತ್ತದಂತೆ. ಅವರ ಹೆಂಡತಿ ಒಂದು ತಿಂಗಳು ಅವರ ಹೆಸರನ್ನೇ ಮರೆತು ಕೂರಲಿ, ಆಗ ಗೊತ್ತಾಗುತ್ತದೆ.

ತಂಗಿ ಅಂದೇ ಮಧ್ಯಾಹ್ನ ಆ ವೈದ್ಯೆಗೆ ಬರೆದು ಬಲಗಡೆಯ ಚಿಕಿತ್ಸೆ ನಿಲ್ಲಿಸಲು ಹೇಳಿದಳು. ಲೇಖನ ಅಚ್ಚಾಗಿದ್ದ ಪತ್ರಿಕೆಗೂ ಬರೆದಳು. ಲೇಖನವನ್ನು ಹಿಂತೆಗೆದ ಪ್ರಕಟಣೆ ಬಂದಾಗ ಅದರಲ್ಲಿ ಒಂದು ಸಾಲಿತ್ತು: ದೋಷವು ಮೊದಲ ಲೇಖಕಿಯದು ಮಾತ್ರ, ಕೊನೆಯ ಲೇಖಕರಿಗೆ ಇದರ ಅರಿವಿರಲಿಲ್ಲ. ಬಾಲಂಗೋಚಿ ಪಟ್ಟುಹಿಡಿದು ಆ ಸಾಲು ಹಾಕಿಸಿದ್ದರು. ಅದೇ ಲೇಖನಕ್ಕೆ ಬಹುಮಾನ ಬಂದಾಗ ವೇದಿಕೆ ಹತ್ತಿದವರು ಇವರೇ. ಆಗ ಎಲ್ಲವೂ ತಿಳಿದಿತ್ತು, ಈಗ ಏನೂ ತಿಳಿದಿರಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತಮ್ಮನ್ನು ಹೊರಗೆ ತೆಗೆದುಕೊಂಡರು.

ಸಂದರ್ಶನದಲ್ಲಿ ಏನಾಯಿತೆಂದು ಹೇಳಬೇಕೆ? ಮೇಜಿನ ಆಚೆ ಐದು ಜನ ಕೂತು ಅವಳ ಉಲ್ಲೇಖಗಳನ್ನು ನೋಡಿದರು. ನಾನೂರು ಹೋದ ಮೇಲೆ ಉಳಿದದ್ದು ಅವರ ಕಣ್ಣಿಗೆ ಕಾಣಲಿಲ್ಲ. "ನಿಮ್ಮ ಬೇರೆ ಕೆಲಸಾನ ಹೇಗೆ ನಂಬೋದು?" ಎಂದು ಒಬ್ಬರು ಕೇಳಿದರಂತೆ. ತಪ್ಪನ್ನು ತಾನೇ ಹುಡುಕಿ ತಾನೇ ಹೇಳಿದವಳನ್ನು ಕೇಳುವ ಪ್ರಶ್ನೆಯೇ ಇದು? ಹುದ್ದೆ ಇನ್ನೊಬ್ಬನಿಗೆ ಹೋಯಿತು. ಅವನ ಲೇಖನಗಳಲ್ಲಿ ಮೂರು, ತಂಗಿಯ ಆ ತಪ್ಪು ಲೇಖನವನ್ನೇ ಅಡಿಪಾಯ ಮಾಡಿಕೊಂಡು ಬರೆದವು. ಅವುಗಳ ಉಲ್ಲೇಖಗಳನ್ನು ಯಾರೂ ಕಳೆಯಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಪಿತ್ತ ನೆತ್ತಿಗೇರುತ್ತದೆ, ಬ್ರೇಕ್ ತುಳಿಯುವ ಬದಲು ಕ್ಲಚ್ ತುಳಿಯುತ್ತೇನೆ.

ತಂಗಿಗೆ ಇನ್ನೂ ಎಂಟು ತಿಂಗಳ ಗುತ್ತಿಗೆ ಉಳಿದಿತ್ತು. ಅಷ್ಟರಲ್ಲಿ ಹಳೆಯ ಚಿತ್ರಗಳನ್ನೆಲ್ಲ ತಿರುಗಿಸಿ, ಮೊದಲಿನಿಂದ ಲೆಕ್ಕ ಹಾಕಿ, ಹೊಸ ಲೇಖನ ಬರೆದಳು. ಅದನ್ನು ಮೊದಲು ತೋರಿಸಿದಾಗ ಬಾಲಂಗೋಚಿ, "ಆ ಕೊಚ್ಚೆಗೆ ನನ್ನ ಹೆಸರು ಅಂಟಿಸಬೇಡ" ಎಂದಿದ್ದರು. ಸರಿ, ಒಬ್ಬಳ ಹೆಸರಿನಲ್ಲೇ ಕಳಿಸಿದಳು. ಚಿಕಿತ್ಸಾಲಯದವರು ಈ ನಡುವೆ ಎಡಗಡೆ ಮಿಡಿತ ಕೊಟ್ಟು ನೋಡಿದರು. ಮಗಳನ್ನು "ಇವಳು, ಇವಳು" ಎನ್ನುತ್ತಿದ್ದ ಒಬ್ಬ ಮುದುಕ ಅವಳನ್ನು ಹೆಸರು ಹಿಡಿದು ಕರೆದನಂತೆ. ಇನ್ನೂ ಕೆಲವರಿಗೆ ಗುಣ ಕಂಡಿತು. ಸುದ್ದಿ ಹರಡಿತು. ದೊಡ್ಡ ಪತ್ರಿಕೆಯೊಂದು ತಂಗಿಯ ಲೇಖನವನ್ನು ಒಪ್ಪಿಕೊಂಡಿತು.

ಕೂಡಲೇ ಮೂರನೇ ಮಹಡಿಯಿಂದ ಕರೆ ಬಂತು. "ಏನಮ್ಮ, ನಮ್ಮಲ್ಲಿನ ಪದ್ಧತಿ ಮರೆತ್ಯಾ? ಕೊನೇಲಿ ನನ್ನ ಹೆಸರು ಸೇರಿಸು. ಅಂದ ಹಾಗೆ, ನಿನ್ನ ಗುತ್ತಿಗೆ ಮುಂದುವರಿಸೋದಕ್ಕೆ ನನ್ನ ಸಹಿ ಬೇಕು. ಹೊಸ ಹುದ್ದೆ ಒಂದು ಖಾಲಿ ಆಗ್ತಾ ಇದೆ, ಅದಕ್ಕೂ ನಾನು ಹೇಳಬಹುದು" ಎಂದರು.

ತಂಗಿ ಇದನ್ನು ಹೇಳಿದಾಗ "ಸೇರಿಸಿಬಿಡ್ತೀಯಾ?" ಎಂದು ನಾನು ಕೇಳಿದೆ. ಹುದ್ದೆ ಸಿಗಲಿ ಎಂದೂ ಇತ್ತು, ಅವರ ಮುಖಕ್ಕೆ ಬಾಗಿಲು ಹಾಕಲಿ ಎಂದೂ ಇತ್ತು.

"ಸೇರಿಸ್ತೀನಿ. ಆದ್ರೆ ಯಾರ್ಯಾರು ಏನೇನು ಮಾಡಿದ್ರು ಅಂತ ಲೇಖನದ ಕೊನೇಲಿ ಬರೀಬೇಕು. ಪತ್ರಿಕೆಯ ನಿಯಮ" ಎಂದಳು.

ಬರೆದಳು. ಮೊದಲ ಲೇಖಕಿ: ಹಳೆಯ ತಪ್ಪು ಮಾಡಿದ್ದು, ಕಂಡುಹಿಡಿದದ್ದು, ತಿದ್ದಿದ್ದು, ಲೇಖನ ಬರೆದದ್ದು. ಕೊನೆಯ ಲೇಖಕರು: ಬಲಗಡೆಯ ಗುರುತಿನ ಮಾತ್ರೆ ನಿಲ್ಲಿಸಿದ್ದು, ತಪ್ಪು ತಿಳಿದ ಮೇಲೆ ಒಂದು ತಿಂಗಳು ಮುಚ್ಚಿಡಲು ಹೇಳಿದ್ದು. ಅಚ್ಚು ಹಾಕಿಸಿ ಅವರ ಮೇಜಿನ ಮೇಲಿಟ್ಟು, "ಓದಿ ಒಪ್ಪಿಗೆ ಕೊಡಿ ಸರ್, ಇವತ್ತೇ ಕಳಿಸ್ತೀನಿ" ಎಂದಳಂತೆ. ಅವರು ಓದಿದರು. ತಮ್ಮ ಕೈಕೆಳಗಿನವರ ಬರಹವನ್ನು ಅವರು ಕೊನೆಯವರೆಗೂ ಓದಿದ್ದು ಅದೇ ಮೊದಲಿರಬೇಕು. ಹಾಳೆಯನ್ನು ಅವಳ ಕಡೆ ತಳ್ಳಿ, "ಹೊರಗೆ ಹೋಗು" ಎಂದರು.

ಲೇಖನ ಅವಳೊಬ್ಬಳ ಹೆಸರಿನಲ್ಲೇ ಬಂತು. ಗುತ್ತಿಗೆ ಮುಂದುವರಿಯಲಿಲ್ಲ.

ಕೊನೆಯ ದಿನ ಮಕ್ಕಳನ್ನು ಮನೆಗೆ ಬಿಟ್ಟು ವ್ಯಾನ್ ತೆಗೆದುಕೊಂಡು ಹೋದೆ. ಅವಳ ಸಾಮಾನು ಎರಡೇ ಪೆಟ್ಟಿಗೆ: ಪುಸ್ತಕ, ಸ್ಕ್ಯಾನ್ ಕೋಣೆಯ ಚಳಿಗೆಂದು ಇಟ್ಟುಕೊಂಡಿದ್ದ ಸ್ವೆಟರ್, ಹಿಡಿ ಮುರಿದ ಲೋಟ. ಮೆಟ್ಟಿಲಲ್ಲಿ ಬಾಲಂಗೋಚಿ ಎದುರಾದರು. ನನ್ನನ್ನು ನೋಡಿ, "ಅಕ್ಕನಾಗಿ ನೀವಾದ್ರೂ ಬುದ್ಧಿ ಹೇಳಬಾರದಿತ್ತಾ?" ಎಂದರು. ನಾನು ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಮೂರು ಮಹಡಿಯವರೂ ಬಾಗಿಲು ತೆಗೆದು ಇಣುಕಿದರು.

ವ್ಯಾನಿನಲ್ಲಿ ಅವಳು ಮಕ್ಕಳ ಗಿಡ್ಡ ಸೀಟಿನಲ್ಲಿ ಮಂಡಿ ಮಡಚಿ ಕೂತಳು. ನನಗೆ ಇನ್ನೂ ಸಿಟ್ಟು ಇಳಿದಿರಲಿಲ್ಲ, ದಾರಿಯುದ್ದಕ್ಕೂ ಬಡಬಡಿಸಿದೆ. ಚೆನ್ನಾಗಿ ಮಾಡಿದೆ ಕಣೇ, ಅವರ ಮುಖ ನೋಡಬೇಕಿತ್ತು, ಇಂಥ ಕೆಲಸ ಹೋದರೆ ಹೋಗಲಿ ಬಿಡು, ನಿನಗೆ ಇನ್ನೂ ಒಳ್ಳೆಯದು ಸಿಗುತ್ತೆ ಎಂದೆಲ್ಲ ಅಂದೆ.

"ಸುಮ್ನಿರು ಅಕ್ಕ" ಎಂದಳು. ಕನ್ನಡಿಯಲ್ಲಿ ನೋಡಿದೆ, ಅಳುತ್ತಿದ್ದಳು. "ಹೋದರೆ ಹೋಗಲಿ ಅನ್ನಬೇಡ. ನಂಗೆ ಆ ಕೆಲಸ ಬೇಕಿತ್ತು. ತುಂಬಾ ಬೇಕಿತ್ತು."

ಕನ್ನಡಿಯಿಂದ ಕಣ್ಣು ತೆಗೆದೆ. ಮನೆ ಬರುವ ತನಕ ಗಾಡಿ ಓಡಿಸಿದೆ.