ಸೀರೆ ಅಂಗಡಿಯ ಮೀನು, ನಾನು ಆರಿಸಿದ ಚೊಕ್ಕ ಯಂತ್ರ

ವಾರಕ್ಕೊಮ್ಮೆ ನನ್ನ ಮೀನಿನ ತೊಟ್ಟಿಯ ಸ್ಕಿಮ್ಮರ್ ತೊಳೆಯುತ್ತೇನೆ. ಉಪ್ಪುನೀರಿಗೆ ಸಣ್ಣ ಗುಳ್ಳೆ ಊದಿ, ಕೊಳೆಯನ್ನೆಲ್ಲ ನೊರೆಯಾಗಿ ಮೇಲಿನ ಲೋಟಕ್ಕೆ ಹತ್ತಿಸುವ ಯಂತ್ರ ಅದು. ಈ ಸಲ ಮೂಗಿಗೆ ಬಟ್ಟೆ ಕಟ್ಟಲು ಮರೆತೆ. ಕೊಳೆತ ಮೊಟ್ಟೆ, ಹಳಸಿದ ಸಾರು, ಒದ್ದೆ ನಾಯಿ, ಮೂರೂ ಒಟ್ಟಿಗೆ... ಆ ಕಂದು ಲೋಳೆ ಕೈಗೆ ಅಂಟುತ್ತಲೇ ಮೊಳಕಾಲ್ಮೂರಿನ ಸೀರೆ ಅಂಗಡಿ ಮಾವ ನೆನಪಾದರು.

ಎರಡು ಸಾವಿರದ ಇಸವಿಯ ಆಚೀಚೆ. ಅವರ ಪಕ್ಕದಲ್ಲೇ ನನ್ನ ಜೆರಾಕ್ಸ್ ಅಂಗಡಿ. ಸಂಬಂಧವೇನಿಲ್ಲ, ವಯಸ್ಸಿಗೆ ಮಾವ. ಅವರ ಗಲ್ಲಾದ ಪಕ್ಕ ಪುಟ್ಟ ಗಾಜಿನ ತೊಟ್ಟಿ, ಅದರಲ್ಲಿ ಬಿಳಿ ಪಟ್ಟೆಯ ಒಂದೇ ಒಂದು ಕಿತ್ತಳೆ ಸಮುದ್ರ ಮೀನು. ದೇವರಿಗೆ ಊದುಬತ್ತಿ ಹಚ್ಚುವ ಮೊದಲೇ ಅದಕ್ಕೆ ಊಟ. ಅದಕ್ಕೆ ಜೊತೆ ಬೇಕೆಂದು ಚಳ್ಳಕೆರೆಯಲ್ಲಿ ನಾಲ್ಕಡಿಯ ತೊಟ್ಟಿ ಮಾಡಿಸಿದರು. ಅದಕ್ಕೊಂದು ಸ್ಕಿಮ್ಮರ್ ಆರಿಸಲು ನನ್ನನ್ನು ಬೆಂಗಳೂರಿಗೆ ಕರೆದೊಯ್ದರು, ನನಗೆ ಇಂಗ್ಲಿಷ್ ಬರುತ್ತದೆಂಬ ತಪ್ಪು ಕಲ್ಪನೆಯಿಂದ.

ಅಲ್ಲಿನ ಅಕ್ವೇರಿಯಂ ಅಂಗಡಿಯಲ್ಲಿ ಎರಡು ಯಂತ್ರ ಓಡುತ್ತಿದ್ದವು. ದೊಡ್ಡದರ ಲೋಟದ ತುಂಬ ಹೊಲಸು. ಬಗ್ಗಿ ನೋಡಿದವನೇ ಎರಡು ಹೆಜ್ಜೆ ಹಿಂದೆ ಸರಿದೆ. ಚಿಕ್ಕದರ ಲೋಟ ಫಳಫಳ.

"ಆ ಗಲೀಜು ಬ್ಯಾಡ ಮಾವ, ರೇಷ್ಮೆಗೆ ನಾತ ಹಿಡಿತೈತೆ," ಎಂದೆ.

"ಲೇ, ನೂಲು ಸೋಪಿನ ನೀರಾಗೆ ಕುದಿಸ್ದಾಗ ನಾರಲ್ವೇನೋ? ಅಂಟು ಬಿಟ್ರೇನೇ ನೂಲಿಗೆ ಹೊಳಪು. ಇದೂ ಹಂಗೇ ಇರ್ಬೇಕು."

"ಗಿರಾಕಿಗಳು ಮೂಗು ಮುಚ್ಕೊಂಡು ಸೀರೆ ನೋಡ್ತಾರಾ?"

ಮಾವ ಸೋತರು. "ಆತು ಬಿಡು, ಓದಿದೋನು ನೀನು."

ಹೊಸ ತೊಟ್ಟಿಗೆ ಇನ್ನೂ ಐದು ಮೀನು ಬಂದವು. ಅಷ್ಟು ಕೊಳೆ ಎತ್ತುವ ಶಕ್ತಿ ಚಿಕ್ಕ ಯಂತ್ರಕ್ಕೆ ಇರಲಿಲ್ಲ, ಲೋಟ ಚೊಕ್ಕವಾಗಿಯೇ ಉಳಿಯಿತು. ನಾನೋ, ಅದನ್ನು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸಿದೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ದಿನಕ್ಕೆ ಮೂರು ಸಲ ಮನೆಗೆ ಓಡುವವನು, ನೀರು ಹಳದಿಯಾದದ್ದಕ್ಕೆ ಮಾತ್ರ ಚಿಂತಿಸಲಿಲ್ಲ. ಮೂರನೇ ವಾರ ಕಿತ್ತಳೆ ಮೀನು ಹೊಟ್ಟೆ ಮೇಲಾಗಿ ತೇಲಿತು. ಕಣ್ಣಿನ ಮೇಲೆ ಬಿಳಿ ಪೊರೆ... ಮಾವ ಬರಿಗೈಯಲ್ಲಿ ಎತ್ತಿದರು. ಬೆರಳಿಗೆ ಅಂಟಿದ್ದನ್ನು ಒರೆಸಿಕೊಳ್ಳಲೂ ಇಲ್ಲ. ಉಳಿದವೂ ಒಂದೊಂದಾಗಿ ಹೋದವು.

ಕೇಳಿದವರಿಗೆಲ್ಲ ಮಾವ, "ನಾನೇ ಹುಚ್ಚನಂಗೆ ಆರಿಸ್ದೆ," ಎನ್ನುತ್ತಿದ್ದರು. ಪಕ್ಕದಲ್ಲೇ ಕೂತ ನನಗೆ ಪ್ರತಿ ಮಾತೂ ಕೇಳುತ್ತಿತ್ತು. ಜೆರಾಕ್ಸ್ ಯಂತ್ರದ ಸದ್ದಿನಲ್ಲಿ ಕೇಳಿಸದವನಂತೆ ತಲೆ ತಗ್ಗಿಸಿದೆ. ನೆನೆದರೆ ಈಗಲೂ ನನ್ನ ಮೇಲೆ ನನಗೇ ವಾಕರಿಕೆ.

ಮಾವ ಈಗಿಲ್ಲ. ಹೋದ ತಿಂಗಳು ಅಂಗಡಿಗೆ ಹೋಗಿ, ಗಲ್ಲಾದಲ್ಲಿದ್ದ ಅವರ ಸೊಸೆಗೆ ನಿಜ ಹೇಳಿದೆ: ಆರಿಸಿದ್ದು ನಾನು.

ಆಕೆ ಸೀರೆ ಮಡಚುತ್ತ, "ಹೌದೇನ್ರಿ? ನಮ್ಮ ಮಾವ ಸಾಯೋಗಂಟ ನಿಮ್ಮ ಹೆಸ್ರು ಎತ್ಲೇ ಇಲ್ಲ," ಎಂದರು.

ಒಂದು ಸಲ ನನ್ನ ಹೆಸರೆತ್ತಿ ಬೈದಿದ್ದರೆ ವಾಸಿಯಿತ್ತು.